ಬೋನ್ಸಾಯ್: ಎಳೆ ಸಸಿ ಲೇಸೋ, ಬಲಿತ ಗಿಡ ಲೇಸೋ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ನಮ್ಮ ಸದಸ್ಯರ ಮನೆಗಳಲ್ಲಿ ಈಚೆಗೆ ಒಂದು ಹೊಸ ಹವ್ಯಾಸ ಕಾಲಿಟ್ಟಿದೆ. ಆಲ, ಹುಣಸೆ, ದಾಳಿಂಬೆಯಂಥ ಗಿಡಗಳನ್ನು ಅಗಲ ಕುಂಡದಲ್ಲಿ ಗಿಡ್ಡಾಗಿ ಬೆಳೆಸುವ ಬೋನ್ಸಾಯ್ ಅದು. ಗೊಬ್ಬರ, ಔಷಧಿಗೆಂದು ಸಂಘದ ಕಚೇರಿಗೆ ಬಂದವರು ಹೋಗುವಾಗ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಸಣ್ಣ ಸಸಿ ತಂದು ಮೊದಲಿಂದ ಮಾಡೂದು ಚಲೋನೋ, ಇಲ್ಲಾ ನಾಕು ರೊಕ್ಕ ಹೋದರೂ ಹೋಗಲಿ ಅಂತ ತಯಾರಾದ ಗಿಡಾನ ತರೂದು ಚಲೋನೋ?"

ಅಡಿಕೆ-ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣಗಳು ಮೂರು. ಒಂದು, ಇದರಲ್ಲಿ ಸಣ್ಣ ಹಿಡುವಳಿದಾರರ ಕೈಯ ಹಣ ಹೋಗುತ್ತಿದೆ. ಎರಡು, ಬಲಿತ ಗಿಡದ ಆಸೆಗೆ ಕಪ್ಪತಗುಡ್ಡದ ಕಡೆ ಕೈ ಚಾಚುವ ಅಪಾಯವಿದೆ. ಮೂರು, ಕಾಫಿ ತೋಟದಲ್ಲಿ ಕಿತ್ತು ಸುಡಬೇಕಾದ ಬೊಡ್ಡೆಗಳು "ಬೋನ್ಸಾಯ್ ಆಗುತ್ತದೆ" ಎಂಬ ನೆಪದಲ್ಲಿ ಅಂಗಳದಲ್ಲೇ ಉಳಿದರೆ ಬೋರರ್ ಹುಳುವಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ಆದ್ದರಿಂದ ವಿಷಯವನ್ನು ಬಿಡಿಸಿ ಹೇಳುವುದು ಅಗತ್ಯವೆಂದು ಭಾವಿಸಿದ್ದೇವೆ.

ನಮ್ಮ ಕಸುಬಿಗೆ ಹತ್ತಿರದ ವಿದ್ಯೆ

ಬೋನ್ಸಾಯ್ ಎಂಬುದು ಗಿಡದ ಒಂದು ಜಾತಿಯಲ್ಲ, ಬೆಳೆಸುವ ಒಂದು ಪದ್ಧತಿ. ಜಪಾನೀ ಭಾಷೆಯಲ್ಲಿ "ಬೋನ್" ಎಂದರೆ ತಟ್ಟೆಯಂಥ ಪಾತ್ರೆ, "ಸಾಯ್" ಎಂದರೆ ನೆಡುವುದು. ಚೀನದಲ್ಲಿ ಹುಟ್ಟಿದ ಈ ವಿದ್ಯೆ ಜಪಾನಿನಲ್ಲಿ ಇಂದಿನ ರೂಪಕ್ಕೆ ಬಂದಿತು. ಕುಂಡದಲ್ಲಿ ಒಂದೂವರೆ ಅಡಿ ಇರುವ ಆಲವೂ ಹೊಲದ ಬದುವಿನ ಆಲವೂ ಒಂದೇ ತಳಿ. ಕುಂಡದ್ದನ್ನು ಬಿಡಿಸಿ ನೆಲಕ್ಕೆ ಹಚ್ಚಿದರೆ ಅದೂ ದೊಡ್ಡ ಮರವೇ ಆದೀತು. ಮೇಲೆ ಕೊಂಬೆ ಸವರುವುದು, ಕೆಳಗೆ ಬೇರು ಸವರುವುದು, ಮಣ್ಣನ್ನು ಮಿತಿಯಲ್ಲಿಡುವುದು, ಈ ಮೂರರಿಂದ ಗಿಡ ಗಿಡ್ಡಾಗಿ ಉಳಿಯುತ್ತದೆ.

ಕಾಫಿ ಬೆಳೆಗಾರರಿಗೆ ಇದರಲ್ಲಿ ಅರ್ಧ ವಿದ್ಯೆ ಆಗಲೇ ಕರಗತವಾಗಿದೆ. ಅರೇಬಿಕಾ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಎರಡಾಳು ಎತ್ತರಕ್ಕೆ ಏರುತ್ತದೆ. ನಾವು ಅದರ ತುದಿಯನ್ನು ಮೊದಲು ಎರಡೂವರೆ ಅಡಿಗೆ, ಆಮೇಲೆ ಐದು ಅಡಿಗೆ ಚಿವುಟಿ ನಿಲ್ಲಿಸುತ್ತೇವೆ. ವರ್ಷವರ್ಷವೂ ಬೇಡದ ಚಿಗುರು ತೆಗೆದು, ಬೇಕಾದ ರೆಕ್ಕೆಗಳಿಗೆ ಬೆಳಕು ಬಿಡುತ್ತೇವೆ. ಬೋನ್ಸಾಯ್ ಮಾಡುವವನೂ ಕತ್ತರಿ ಹಿಡಿದು ಮಾಡುವುದು ಇದನ್ನೇ. ಉಳಿದರ್ಧ, ಬೇರಿನ ಕೆಲಸವನ್ನು ಮಾತ್ರ ಹೊಸದಾಗಿ ಕಲಿಯಬೇಕು.

ಅಡಿಕೆ ಬೆಳೆಗಾರರಿಗೆ ಮಾತ್ರ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಅಡಿಕೆ, ತೆಂಗು, ಈಚಲು ಬೋನ್ಸಾಯ್‌ಗೆ ಬರುವ ಗಿಡಗಳಲ್ಲ. ಅಡಿಕೆಗೆ ಇರುವುದು ಒಂದೇ ಸುಳಿ. ಅದನ್ನು ಕತ್ತರಿಸಿದರೆ ಮರ ಸತ್ತಿತು. ಕೊಂಬೆಗಳಿಲ್ಲ, ಸವರಿದರೆ ಪಕ್ಕದಲ್ಲಿ ಚಿಗುರೊಡೆಯುವುದಿಲ್ಲ. ಆಲ, ಹುಣಸೆ, ಕಾಫಿ ಮುಂತಾದ ಗಿಡಗಳಲ್ಲಿ ತೊಗಟೆಯ ಒಳಗಡೆ ಒಂದು ತೆಳು ಪದರವಿದ್ದು, ಅದು ವರ್ಷವರ್ಷ ಹೊಸ ಕಟ್ಟಿಗೆ ಕಟ್ಟಿ ಕಾಂಡವನ್ನು ದಪ್ಪಗೊಳಿಸುತ್ತದೆ. ಅಡಿಕೆಯಲ್ಲಿ ಆ ಪದರವೇ ಇಲ್ಲ. ಆದ್ದರಿಂದ "ಅಡಿಕೆ ಬೋನ್ಸಾಯ್" ಎಂದು ಯಾರಾದರೂ ಮಾರಲು ಬಂದರೆ ಅದು ಕುಂಡದಲ್ಲಿಟ್ಟ ಎಳೆ ಅಡಿಕೆ ಸಸಿಯೇ ಹೊರತು ಬೇರೇನಲ್ಲ.

ಹಣ ಕೊಟ್ಟು ಕೊಳ್ಳುವುದು ವರ್ಷಗಳನ್ನು

ಬಲಿತ ಗಿಡದ ಬೆಲೆಯಲ್ಲಿ ನಾವು ಕೊಳ್ಳುವುದು ಮುಖ್ಯವಾಗಿ ಕಳೆದುಹೋದ ವರ್ಷಗಳನ್ನು. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣಗಾಗುವ ಕಾಂಡ, ಮಣ್ಣಿನ ಮೇಲೆ ಸುತ್ತ ಹರಡಿ ಕಾಣುವ ಬೇರು, ವಯಸ್ಸಾದ ತೊಗಟೆ. ಈ ಮೂರು ಬರಲು ಕಾಲವೇ ಬೇಕು, ಗೊಬ್ಬರ ಸುರಿದರೆ ಬರುವುದಿಲ್ಲ. ಎಲೆ, ಸಣ್ಣ ರೆಂಬೆಗಳನ್ನು ಎರಡು ಮೂರು ವರ್ಷದಲ್ಲಿ ಹೊಸದಾಗಿ ಬರಿಸಬಹುದು. ಆದ್ದರಿಂದ ಗಿಡ ಕೊಳ್ಳುವಾಗ ಬುಡ ನೋಡಬೇಕೇ ವಿನಾ ತಲೆಯನ್ನಲ್ಲ.

ಅಡಿಕೆ ಸಸಿ ಆರಿಸುವಾಗಲೂ ನಾವು ಇದೇ ಲೆಕ್ಕ ಹಿಡಿಯುತ್ತೇವಲ್ಲವೇ? ಹನ್ನೆರಡರಿಂದ ಹದಿನೆಂಟು ತಿಂಗಳ, ಐದಾರು ಎಲೆ ಬಿಟ್ಟ, ಗಿಡ್ಡಾದ, ಬುಡ ದಪ್ಪಗಿರುವ ಸಸಿಯನ್ನು ಆರಿಸಿ, ನೆರಳಿನಲ್ಲಿ ಸೊರಗಿ ಉದ್ದ ಬೆಳೆದದ್ದನ್ನು ಬಿಟ್ಟುಬಿಡುತ್ತೇವೆ. ಎತ್ತರ ನೋಡಿ ಮರುಳಾದವನ ತೋಟದಲ್ಲಿ ಮುಂದಿನ ವರ್ಷ ಖಾಲಿ ಗುಣಿ ಹೆಚ್ಚು. ಬೋನ್ಸಾಯ್ ವಿಷಯದಲ್ಲೂ ಇದೇ ನಿಯಮ.

ಆದರೆ ವರ್ಷಗಳನ್ನು ಕೊಂಡಾಗ ಜೊತೆಗೆ ಒಂದು ಹೊಣೆಯೂ ಬರುತ್ತದೆ. ಜಪಾನಿನ ಯಮಾಕಿ ಮನೆತನದವರು ತಲೆಮಾರುಗಳ ಕಾಲ ಸಾಕಿದ ಒಂದು ಬಿಳಿ ಪೈನ್ ಗಿಡವಿದೆ. ಅದನ್ನು ಕುಂಡದಲ್ಲಿ ಪಳಗಿಸಲು ಆರಂಭಿಸಿದ್ದು 1625ರಲ್ಲಿ. 1945ರಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಆ ಊರಿನಲ್ಲೇ ಇದ್ದು ಉಳಿದುಕೊಂಡಿತು. 1976ರಲ್ಲಿ ಅದನ್ನು ಅಮೆರಿಕೆಗೆ ಕಾಣಿಕೆಯಾಗಿ ಕೊಡಲಾಯಿತು. ಈಗ ವಾಷಿಂಗ್ಟನ್ನಿನ ಬೋನ್ಸಾಯ್ ಸಂಗ್ರಹಾಲಯದಲ್ಲಿದೆ. ಮುನ್ನೂರಕ್ಕೂ ಹೆಚ್ಚು ವರ್ಷ ಯಾರೋ ಒಬ್ಬರು ನೀರು ಹಾಕುವುದನ್ನು ತಪ್ಪಿಸಲಿಲ್ಲವೆಂಬುದು ಇದರ ಅರ್ಥ. ಇಪ್ಪತ್ತು ವರ್ಷದ ಗಿಡ ತಂದು ಎರಡು ದಿನ ನೀರು ಮರೆತರೆ ಆ ಇಪ್ಪತ್ತೂ ವರ್ಷ ಒಂದೇ ವಾರದಲ್ಲಿ ಮಣ್ಣುಪಾಲಾಗುತ್ತದೆ.

ಎಳೆ ಸಸಿಯ ಗುಣದೋಷ

ಎಳೆ ಸಸಿಯ ಮೊದಲ ಲಾಭ ಅದು ಅಗ್ಗ ಎಂಬುದು. ಒಂದು ಬಲಿತ ಗಿಡದ ಬೆಲೆಯಲ್ಲಿ ಹತ್ತಾರು ಸಸಿ ಬರುತ್ತವೆ. ಹುಣಸೆಯಂಥದಕ್ಕಾದರೆ ಅಡಿಗೆ ಮನೆಯ ಬೀಜವೇ ಸಾಕು. ಎರಡನೆಯ ಲಾಭ, ಬುಡದಿಂದಲೇ ನಮ್ಮ ಇಚ್ಛೆಯಂತೆ ತಿದ್ದಬಹುದು. ಹುಣಸೆ ಸಸಿ ಗೇಣುದ್ದ ಆದಾಗಲೇ ಕಿತ್ತು, ತಾಯಿಬೇರನ್ನು ಮೊಟಕುಗೊಳಿಸಿ ಮತ್ತೆ ನೆಟ್ಟರೆ ಪಕ್ಕದ ಬೇರುಗಳು ಸುತ್ತಲೂ ಹರಡುತ್ತವೆ. ಬಲಿತ ಹುಣಸೆಯಲ್ಲಿ ಈ ಕೆಲಸ ಬಹು ಕಷ್ಟ. ಮೂರನೆಯ ಮತ್ತು ದೊಡ್ಡ ಲಾಭವೆಂದರೆ ಕಲಿಕೆ. ಸಸಿ ಸತ್ತರೆ ನಷ್ಟ ಅಲ್ಪ, ಪಾಠ ದೊಡ್ಡದು.

ದೋಷ ಒಂದೇ, ಆದರೆ ಅದು ಸಣ್ಣದಲ್ಲ: ಕಾಲ. ಇಲ್ಲಿ ಹೊಸಬರು ಹೆಚ್ಚಾಗಿ ಎಡವುವುದೂ ಉಂಟು. ಪೆನ್ಸಿಲಿನಷ್ಟು ದಪ್ಪದ ಸಸಿಯನ್ನು ತಂದ ದಿನವೇ ತಟ್ಟೆ ಕುಂಡಕ್ಕೆ ಏರಿಸಿಬಿಡುತ್ತಾರೆ. ಹಾಗೆ ಮಾಡಿದರೆ ಅದು ಹತ್ತು ವರ್ಷವಾದರೂ ಕಡ್ಡಿಯಾಗಿಯೇ ಇರುತ್ತದೆ. ಬೇರಿಗೆ ಹರಡಲು ಜಾಗವಿದ್ದರೆ ಎಲೆ ಹೆಚ್ಚು. ಎಲೆ ಹೆಚ್ಚಿದ್ದರೆ ಕಾಂಡ ದಪ್ಪ. ಕುಂಡ ಚಿಕ್ಕದಾದಷ್ಟೂ ಕಾಂಡ ದಪ್ಪವಾಗುವುದು ನಿಧಾನ. ಆದ್ದರಿಂದ ಎಳೆ ಸಸಿಯನ್ನು ಮೊದಲು ನೆಲಕ್ಕೆ ಹಚ್ಚಬೇಕು. ಹಿತ್ತಲಿನಲ್ಲೋ, ಕೊಳವೆ ಬಾವಿಯ ಪಕ್ಕದ ಒಂದು ಮೂಲೆಯಲ್ಲೋ, ಬುಡದ ಕೆಳಗೆ ಒಂದು ಹಂಚಿನ ಚೂರು ಇಟ್ಟು ನೆಟ್ಟರೆ ತಾಯಿಬೇರು ಆಳಕ್ಕಿಳಿಯದೆ ಬೇರುಗಳು ಅಡ್ಡಕ್ಕೆ ಹರಿಯುತ್ತವೆ. ಎರಡು ಮೂರು ವರ್ಷ ಬೆಳೆಯಲು ಬಿಟ್ಟು, ತುದಿಯನ್ನು ಗೇಣೆತ್ತರಕ್ಕೆ ಕಡಿದು, ಒಂದು ಹೊಸ ಚಿಗುರನ್ನು ಮುಂದಿನ ತುದಿಯನ್ನಾಗಿ ಎಬ್ಬಿಸಬೇಕು. ಹೀಗೆ ಎರಡು ಮೂರು ಸಲ ಕಡಿದು ಎಬ್ಬಿಸಿದಾಗಲೇ ಬುಡ ದಪ್ಪ, ತುದಿ ಸಣ್ಣ ಎಂಬ ಆಕಾರ ಬರುತ್ತದೆ. ಹಳೆಯ ಕಾಫಿ ಗಿಡವನ್ನು ಮೊಳಕಾಲೆತ್ತರಕ್ಕೆ ಕಡಿದು ಹೊಸ ಚಿಗುರು ಎಬ್ಬಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಲಿತ ಗಿಡ ಕೊಳ್ಳುವಾಗ

ಬಲಿತ ಗಿಡ ತಂದ ದಿನವೇ ಕಣ್ಣಿಗೆ ಹಬ್ಬ. ಐವತ್ತು-ಅರವತ್ತು ದಾಟಿದ ಹಿರಿಯರಿಗೆ ಬೀಜದಿಂದ ಆರಂಭಿಸಿ ಕಾಯಿರಿ ಎನ್ನುವುದು ನ್ಯಾಯವೂ ಅಲ್ಲ. ಆದರೆ ಕೊಳ್ಳುವ ಮುನ್ನ ಐದು ಸಂಗತಿಗಳನ್ನು ಪರೀಕ್ಷಿಸಲೇಬೇಕು.

(1) ಬುಡ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿರಿ. ಗಿಡ ಕುಂಡದಲ್ಲಿ ಸಡಿಲವಾಗಿ ಓಲಾಡಿದರೆ ಅದನ್ನು ನೆಲದಿಂದ ಕಿತ್ತು ಈಚೆಗಷ್ಟೇ ಕುಂಡಕ್ಕಿಟ್ಟಿದ್ದಾರೆ ಎಂದು ತಿಳಿಯಬೇಕು. ಕಾಂಡದಲ್ಲಿ ಕೂಡಿಟ್ಟ ಸತ್ವದಿಂದ ಅಂಥದು ಕೆಲವು ವಾರ ಚಿಗುರುತ್ತದೆ. ಬೇರು ಕಟ್ಟದಿದ್ದರೆ ಆಮೇಲೆ ಒಣಗುತ್ತದೆ.

(2) ಕುಂಡದ ತಳದ ತೂತು ನೋಡಿರಿ. ಒಳಗೆ ಸಣ್ಣ ಬಿಳಿ ಬೇರು ಕಂಡರೆ ಒಳ್ಳೆಯದು. ಬೇರೆಲ್ಲ ಸುತ್ತಿ ಗಂಟಾಗಿ ನೀರು ಇಳಿಯದಂತಿದ್ದರೆ ಆ ಗಿಡಕ್ಕೆ ಕುಂಡ ಬದಲಿಸಿ ಬಹು ಕಾಲವಾಗಿದೆ. ಒಂದು ಚೊಂಬು ನೀರು ಹಾಕಿ ಎಷ್ಟು ಹೊತ್ತಿಗೆ ಕೆಳಗೆ ಬರುತ್ತದೆಂದು ನೋಡಿದರೆ ಇದು ತಿಳಿಯುತ್ತದೆ.

(3) ಕೊಂಬೆಗೆ ಸುತ್ತಿದ ತಂತಿ ತೊಗಟೆಯೊಳಗೆ ಹೂತಿದೆಯೇ ನೋಡಿರಿ. ಆ ಗಾಯದ ಗೆರೆ ಹಲವು ವರ್ಷ ಮಾಯುವುದಿಲ್ಲ.

(4) ಕಾಂಡದ ಮೇಲೆ ದೊಡ್ಡ ಕಡಿತದ ಗಾಯಗಳಿದ್ದರೆ ಅವುಗಳ ಅಂಚಿನಲ್ಲಿ ಹೊಸ ತೊಗಟೆ ಸುತ್ತಿ ಬರುತ್ತಿದೆಯೇ, ಇಲ್ಲ ಒಳಗೆ ಕೊಳೆಯುತ್ತಿದೆಯೇ ಎಂದು ಕಡ್ಡಿಯಿಂದ ಒತ್ತಿ ನೋಡಿರಿ.

(5) ಗಿಡ ಎಲ್ಲಿ ಬೆಳೆದದ್ದು ಎಂದು ಕೇಳಿರಿ. ಬೆಂಗಳೂರಿನ ತಂಪಿನಲ್ಲಿ, ನೆರಳು ಪರದೆಯ ಕೆಳಗೆ ಬೆಳೆದದ್ದನ್ನು ಏಪ್ರಿಲ್‌ನಲ್ಲಿ ಮುಂಡರಗಿಯ ಬಿಸಿಲಿಗೆ ತಂದಿಟ್ಟರೆ ಎಲೆ ಸುಟ್ಟುಹೋಗುತ್ತದೆ. ಕೊಳ್ಳುವುದಿದ್ದರೆ ಮಿರಗದ ಮಳೆ ಬಿದ್ದ ಮೇಲೆ ಕೊಳ್ಳಿರಿ. ಬೇಸಿಗೆ ಬರುವುದರೊಳಗೆ ಗಿಡಕ್ಕೆ ನಮ್ಮ ಹವೆ ರೂಢಿಯಾಗುತ್ತದೆ.

ಮಾರುವವರು ವಯಸ್ಸನ್ನು ದೊಡ್ಡದು ಮಾಡಿ ಹೇಳುವುದು ಸಾಮಾನ್ಯ. ಕಾಂಡದ ದಪ್ಪದಿಂದ ವಯಸ್ಸನ್ನು ಅಳೆಯಲಾಗದು. ನೀರಿನ ಪಕ್ಕ ನೆಲದಲ್ಲಿ ಐದು ವರ್ಷ ಬೆಳೆದ ಬಸರಿ, ಕುಂಡದಲ್ಲಿ ಇಪ್ಪತ್ತು ವರ್ಷ ಇದ್ದ ಹುಣಸೆಗಿಂತ ದಪ್ಪಗಿರಬಹುದು. ಆದ್ದರಿಂದ ವಯಸ್ಸಿಗಾಗಿ ಹಣ ಕೊಡಬೇಡಿರಿ. ಬುಡಕ್ಕಾಗಿ, ಆರೋಗ್ಯಕ್ಕಾಗಿ ಕೊಡಿರಿ. ಕೊಳ್ಳುವ ಮುನ್ನ ಒಳ್ಳೆಯ ಗಿಡ ಹೇಗಿರುತ್ತದೆಂದು ಕಣ್ಣಿಗೆ ರೂಢಿ ಮಾಡಿಕೊಳ್ಳುವುದು ಮೇಲು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ತೋಟವಿದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟವಿದೆ. ಆ ಕಡೆ ಹೋದವರು ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಿ ಬರಬಹುದು.

ಗುಡ್ಡದ ಗಿಡ ಗುಡ್ಡಕ್ಕೇ ಇರಲಿ

ಇನ್ನು ಗಂಭೀರವಾದ ವಿಷಯಕ್ಕೆ ಬರುತ್ತೇವೆ. ಬಲಿತ ಗಿಡಕ್ಕೆ ಬೆಲೆ ಬಂದಾಗ ಜನರ ಕಣ್ಣು ಸಹಜವಾಗಿಯೇ ಅಡವಿಯತ್ತ ಹೊರಳುತ್ತದೆ. ಕಲ್ಲು ನೆಲ, ಒಣ ಗಾಳಿ, ದನಕರು ಮೇಯ್ದ ಪೆಟ್ಟು ಇವುಗಳಿಂದ ಗುಡ್ಡದ ಗಿಡಗಳು ತಾವಾಗಿಯೇ ಗಿಡ್ಡಾಗಿ, ತಿರುಚಿ ಬೆಳೆದಿರುತ್ತವೆ. ಜಪಾನಿನಲ್ಲೂ ಹಿಂದಿನ ಕಾಲದಲ್ಲಿ ಬೆಟ್ಟಗಳಿಂದ ಇಂಥ ಗಿಡಗಳನ್ನು ಕಿತ್ತು ತರುತ್ತಿದ್ದರು.

ನಮ್ಮಲ್ಲಿ ಆ ಗುಡ್ಡವೆಂದರೆ ಕಪ್ಪತಗುಡ್ಡ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಈ ಸಾಲು ಔಷಧಿ ಸಸ್ಯಗಳಿಗೆ ಹೆಸರಾದದ್ದು. 2015ರಲ್ಲಿ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. 2016ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. 2017ರಲ್ಲಿ ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಧರಣಿ ಕೂತರು. ಅದೇ ವರ್ಷ ಆದೇಶ ಮತ್ತೆ ಜಾರಿಗೆ ಬಂತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಲ್ಲಿನ ಗಿಡವನ್ನು ಕಿತ್ತು ಸಾಗಿಸುವುದು ಅಪರಾಧ.

ಕಾಯಿದೆಯ ಮಾತು ಹಾಗಿರಲಿ. ಮಳೆ ಸರಾಸರಿ ಆರುನೂರು ಮಿ.ಮೀ. ಆಸುಪಾಸಿನಲ್ಲಿರುವ ನಾಡು ನಮ್ಮದು. ಆ ಗುಡ್ಡದ ಹಸುರಿನ ಹೊದಿಕೆ ಇದ್ದರಷ್ಟೇ ಬಿದ್ದ ಮಳೆ ನೆಲಕ್ಕಿಂಗಿ ಕೆಳಗಿನ ಬಾವಿಗಳಿಗೆ ಬರುತ್ತದೆ. ನಮ್ಮ ಅಡಿಕೆಗೆ ನೀರು ಕೊಡುವ ಕೊಳವೆ ಬಾವಿಗೂ ಗುಡ್ಡದ ಒಂದೊಂದು ಗಿಡಕ್ಕೂ ಲೆಕ್ಕವಿದೆ. ಇದಲ್ಲದೆ ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಗಿಡದ ಬೇರನ್ನು ಪೂರ್ತಿ ತೆಗೆಯಲು ಬರುವುದಿಲ್ಲ. ಹತ್ತು ಕಿತ್ತರೆ ಉಳಿಯುವುದು ಒಂದೋ ಎರಡೋ. ಒಂದು ಕುಂಡದ ಅಂದಕ್ಕಾಗಿ ಹತ್ತು ಗಿಡದ ಕೊಲೆ. ಆದ್ದರಿಂದ "ಅಡವಿಯಿಂದ ತಂದದ್ದು" ಎಂದು ಮಾರುವವರ ಗಿಡವನ್ನು ನಮ್ಮ ಸದಸ್ಯರು ಕೊಳ್ಳಬಾರದೆಂದು ಕಳಕಳಿಯಿಂದ ವಿನಂತಿಸುತ್ತೇವೆ. ಗೋಮಾಳ, ಕೆರೆಯ ಏರಿ, ರಸ್ತೆ ಬದಿಯ ಗಿಡಗಳೂ ನಮ್ಮವಲ್ಲ ಎಂಬುದನ್ನು ಮರೆಯಬಾರದು.

ಕಾಫಿ ಬೊಡ್ಡೆಯ ಬಗ್ಗೆ ಎಚ್ಚರಿಕೆ

ಮಲೆನಾಡಿನಲ್ಲಿರುವ ನಮ್ಮ ಸದಸ್ಯರ ತೋಟಗಳಲ್ಲಿ ಹಳೆಯ ಅರೇಬಿಕಾ ಕಿತ್ತು ಮರುನಾಟಿ ಮಾಡುವಾಗ ದಪ್ಪ ಬೊಡ್ಡೆಗಳು ರಾಶಿ ಬೀಳುತ್ತವೆ. ಆರೋಗ್ಯವಾದ ಕಾಫಿ ಬೊಡ್ಡೆ ಬೋನ್ಸಾಯ್‌ಗೆ ಬರುತ್ತದೆ ನಿಜ. ಕಡಿದಲ್ಲೆಲ್ಲ ಚಿಗುರುತ್ತದೆ, ಹೂ ಹಣ್ಣೂ ಬಿಡುತ್ತದೆ. ಆದರೆ ಕಿತ್ತ ಗಿಡಗಳಲ್ಲಿ ಬಹುಪಾಲು ಬಿಳಿ ಕಾಂಡಕೊರಕ ಹಿಡಿದವು. ಕಾಂಡದ ಮೇಲೆ ಉಬ್ಬಿದ ಗೆರೆಗಳಿದ್ದರೆ ಒಳಗೆ ಮರಿಹುಳು ಸುರಂಗ ಕೊರೆಯುತ್ತಿದೆಯೆಂದೇ ತಿಳಿಯಬೇಕು. ಗಿಡ ಕಿತ್ತ ಮಾತ್ರಕ್ಕೆ ಹುಳು ಸಾಯುವುದಿಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿ ಹೊರಬಂದು, ಹಾರಿಹೋಗಿ, ಬೇರೆ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಅಂಗಳದ ಅಂದಕ್ಕೆಂದು ಉಳಿಸಿಕೊಂಡ ಒಂದು ಬೊಡ್ಡೆ ನಮ್ಮ ತೋಟಕ್ಕಷ್ಟೇ ಅಲ್ಲ, ಪಕ್ಕದವರ ತೋಟಕ್ಕೂ ಕಂಟಕ. ಗೆರೆ ಇರುವುದನ್ನು, ಸಂಶಯ ಬಂದದ್ದನ್ನು ಆ ಕಾಲ ಬರುವ ಮೊದಲೇ ಸುಟ್ಟುಹಾಕಬೇಕು. ಇದರಲ್ಲಿ ರಾಜಿಯಿಲ್ಲ.

ದಾಳಿಂಬೆಗೂ ಇದೇ ಮಾತು. ದುಂಡಾಣು ಅಂಗಮಾರಿ ರೋಗ ಬಂದು ತೆಗೆದುಹಾಕುವ ತೋಟದ ಗಿಡವನ್ನು ಚೆನ್ನಾಗಿದೆ ಎಂದು ಮನೆಗೆ ತರಬಾರದು.

ನಡುವಿನ ದಾರಿ

ಹಾಗಾದರೆ ಎಳೆಯದರಲ್ಲಿ ಕಾಲ ಹೋಗುತ್ತದೆ, ಬಲಿತದ್ದರಲ್ಲಿ ಹಣ ಹೋಗುತ್ತದೆ ಅಥವಾ ಗುಡ್ಡ ಬರಿದಾಗುತ್ತದೆ, ಮಾಡುವುದೇನು? ರೈತನಿಗೆ ಪಟ್ಟಣದವರಿಗಿಲ್ಲದ ಅನುಕೂಲವೊಂದಿದೆ: ನೆಲ. ಅದರಿಂದ ಮೂರು ದಾರಿಗಳು ತೆರೆಯುತ್ತವೆ.

ಒಂದು, ಗೂಟ. ನಮ್ಮ ಹಿರಿಯರು ಆಲದ ತೋಳ್ದಪ್ಪದ ಕೊಂಬೆಯನ್ನು ಕಡಿದು ಗೂಟದಂತೆ ನೆಟ್ಟು ಸಾಲುಮರ ಎಬ್ಬಿಸುತ್ತಿದ್ದರು. ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಸ್ವಂತ ಹೊಲದ ಆಲ ಅಥವಾ ಬಸರಿಯ ಕೊಂಬೆ ಸವರುವಾಗ ಮಣಿಕಟ್ಟಿನ ದಪ್ಪದ, ಡೊಂಕಿರುವ ತುಂಡನ್ನು ಒಂದು ಅಡಿ ಉದ್ದ ಆರಿಸಿ, ಹಾಲು ಒಸರುವುದು ನಿಂತ ಮೇಲೆ ಮಿರಗ-ಆರಿದ್ರ ಮಳೆಯ ಹೊತ್ತಿಗೆ ನೆರಳಿನಲ್ಲಿ ನೆಡಬೇಕು. ಹತ್ತು ನೆಟ್ಟರೆ ಹತ್ತೂ ಹತ್ತುವುದಿಲ್ಲ. ಹತ್ತಿದವುಗಳಿಂದ ಬಲಿತ ಕಾಂಡ ಮೊದಲ ದಿನವೇ ಕೈಗೆ ಬಂದಂತಾಯಿತು. ಒಂದು ವರ್ಷ ಅಲುಗಿಸದೆ ಬೇರು ಕಟ್ಟಲು ಬಿಟ್ಟು, ಮರುವರ್ಷ ಕುಂಡಕ್ಕೆ ತರಬೇಕು.

ಎರಡು, ಗೂಟಿ. ದಾಳಿಂಬೆ, ಪೇರಲ, ನಿಂಬೆಯ ಬಲಿತ ಕೊಂಬೆಯಲ್ಲಿ ಒಂದು ಅಂಗುಲ ಅಗಲ ತೊಗಟೆಯನ್ನು ಸುತ್ತಲೂ ತೆಗೆದು, ಒದ್ದೆ ತೆಂಗಿನ ನಾರಿನ ಪುಡಿ ಕಟ್ಟಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಮಳೆಗಾಲ ಕಾಯ್ದರೆ ಬೇರು ಬರುತ್ತದೆ. ತಾಯಿಗಿಡಕ್ಕೆ ಕೇಡಿಲ್ಲ, ಆಕಾರವಿರುವ ಕೊಂಬೆಯನ್ನೇ ಆರಿಸಿಕೊಳ್ಳಬಹುದು.

ಮೂರು, ಗೋಡೆ. ಹಳೆಯ ಮನೆ, ಹಾಳು ಬಾವಿ, ನೀರಿನ ತೊಟ್ಟಿಯ ಬಿರುಕುಗಳಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಆಲ, ಅರಳಿ, ಬಸರಿ ಹುಟ್ಟಿ ವರ್ಷಗಟ್ಟಲೆ ಗಿಡ್ಡಾಗಿಯೇ ಇರುತ್ತವೆ. ಇವನ್ನು ತೆಗೆಯದಿದ್ದರೆ ಗೋಡೆ ಸೀಳುತ್ತದೆ. ತೆಗೆದರೆ ಗೋಡೆಯೂ ಉಳಿಯಿತು, ಪಳಗಿದ ಗಿಡವೂ ದೊರೆಯಿತು. ಲಕ್ಷ್ಮೇಶ್ವರದಂಥ ಹಳೆಯ ಊರುಗಳಲ್ಲಿ ಇಂಥವಕ್ಕೆ ಬರವಿಲ್ಲ. ಆದರೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳ ಗೋಡೆಗೆ ನಾವು ಕೈ ಹಚ್ಚಬಾರದು. ಒಂದು ಬೇರು ಎಳೆದರೆ ಒಂದು ಕಲ್ಲು ಕದಲೀತು. ಅರಳಿಯನ್ನು ಮನೆಯಲ್ಲಿ ಬೆಳೆಸಬಾರದೆಂಬ ನಂಬಿಕೆಯುಳ್ಳವರು ಬಸರಿಯನ್ನೋ ಹುಣಸೆಯನ್ನೋ ಆರಿಸಿಕೊಳ್ಳಬಹುದು.

ನಮ್ಮ ಹವೆ, ನಮ್ಮ ಮಣ್ಣು, ನಮ್ಮ ನೀರು

ಯಾವ ಗಿಡವನ್ನಾದರೂ ಆರಿಸಿರಿ, ಅದು ಉಳಿಯುವುದು ಇಲ್ಲಿಯ ಹವೆಗೆ ಹೊಂದಿದರೆ ಮಾತ್ರ. ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲಿಗಿಂತ ಗಾಳಿ ಹೆಚ್ಚು ಕೆಟ್ಟದ್ದು. ಎರಡು ಮೂರು ಅಂಗುಲ ಮಣ್ಣಿನ ತಟ್ಟೆ ಮಧ್ಯಾಹ್ನದೊಳಗೆ ಒಣಗುತ್ತದೆ. ಮಾರ್ಚಿಯಿಂದ ಮೇ ಕೊನೆಯವರೆಗೆ ದಿನಕ್ಕೆ ಎರಡು ಸಲ ನೀರು ಕಡ್ಡಾಯ. ಮನೆಮಂದಿಯೆಲ್ಲ ಜಾತ್ರೆ, ಮದುವೆಗೆಂದು ಊರು ಬಿಟ್ಟು ಹೋಗುವವರಾದರೆ ತಟ್ಟೆ ಕುಂಡ ಬೇಡ, ಗೇಣು ಆಳದ ಕುಂಡವೇ ಇರಲಿ.

ಎರೆ ಮಣ್ಣು ಹತ್ತಿ, ಕಡಲೆಗೆ ಬಂಗಾರ, ಕುಂಡಕ್ಕೆ ವೈರಿ. ತೋಯ್ದಾಗ ಅಂಟಾಗಿ ಬೇರಿನ ಉಸಿರು ಕಟ್ಟಿಸುತ್ತದೆ, ಒಣಗಿದಾಗ ಬಿರಿದು ಸಣ್ಣ ಬೇರುಗಳನ್ನು ಹರಿಯುತ್ತದೆ. ಗರಸು ಬೆರೆತ ಮಸಾರಿ ಮಣ್ಣು, ಕಡಲೆ ಕಾಳಿನಷ್ಟು ಇಟ್ಟಿಗೆ ಚೂರು, ಚೆನ್ನಾಗಿ ಕಳಿತ ಗೊಬ್ಬರ ಈ ಮೂರನ್ನು ಸಮನಾಗಿ ಕೂಡಿಸಿ, ದೂಳನ್ನು ಜರಡಿ ಹಿಡಿದು ತೆಗೆದು ಬಳಸಬೇಕು.

ಕೊಳವೆ ಬಾವಿಯ ಸವಳು ನೀರನ್ನು ನೆಲದ ಗಿಡ ಹೇಗೋ ತಾಳಿಕೊಂಡೀತು, ಕುಂಡದ ಗಿಡ ತಾಳದು. ಮಣ್ಣಿನ ಮೇಲೆ, ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟತೊಡಗಿದರೆ ಎಚ್ಚರಗೊಳ್ಳಬೇಕು. ಮಾಳಿಗೆಯ ಮಳೆನೀರನ್ನು ಒಂದು ಹೌದಿನಲ್ಲಿ ಹಿಡಿದಿಟ್ಟು ಬಳಸುವುದು ಒಳ್ಳೆಯದು.

ಯಾರಿಗೆ ಯಾವುದು?

ಒಟ್ಟಿನಲ್ಲಿ ನಮ್ಮ ಸಲಹೆ ಹೀಗಿದೆ. ಶಾಲೆ-ಕಾಲೇಜಿಗೆ ಹೋಗುವ ಮಕ್ಕಳು ಬೀಜದಿಂದ, ಎಳೆ ಸಸಿಯಿಂದ ಆರಂಭಿಸಲಿ. ಅವರ ಹತ್ತಿರ ಎಲ್ಲಕ್ಕಿಂತ ಬೆಲೆಯುಳ್ಳ ಬಂಡವಾಳವಾದ ವರ್ಷಗಳಿವೆ. ಹೊಲ-ತೋಟವಿರುವ ನಡುವಯಸ್ಸಿನವರು ಗೂಟ, ಗೂಟಿ, ಗೋಡೆ ಗಿಡಗಳಿಂದ ಆರಂಭಿಸಿ, ಪಕ್ಕದಲ್ಲೇ ನಾಲ್ಕು ಎಳೆ ಸಸಿಗಳನ್ನೂ ನೆಲದಲ್ಲಿ ಬೆಳೆಯಲು ಬಿಡಲಿ. ಹಿರಿಯರು, ಬಿಡುವಿರುವವರು, ಕೊಳ್ಳುವ ಶಕ್ತಿಯುಳ್ಳವರು ಒಂದು ಬಲಿತ ಗಿಡ ಕೊಳ್ಳಬಹುದು. ಆದರೆ ಅದಕ್ಕೆ ಮೊದಲು ಒಂದು ಅಗ್ಗದ ಗಿಡವನ್ನು ಒಂದು ಪೂರ್ತಿ ಬೇಸಿಗೆ ಉಳಿಸಿಕೊಂಡು ತೋರಿಸಿರಬೇಕು. ಮೇ ತಿಂಗಳು ದಾಟಿಸಿದ ಕೈಗೆ ಮಾತ್ರ ದೊಡ್ಡ ಗಿಡ ಒಪ್ಪುತ್ತದೆ.

ಇದನ್ನು ಆದಾಯದ ಮೂಲವೆಂದು ನಂಬಿ ಅಡಿಕೆಗೆ ಕೊಡಬೇಕಾದ ನೀರನ್ನೋ ಸಂಘದಿಂದ ಪಡೆದ ಸಾಲವನ್ನೋ ಇತ್ತ ತಿರುಗಿಸುವುದು ಸಲ್ಲದು. ಒಂದು ಗಿಡ ಮಾರುವ ಹಂತಕ್ಕೆ ಬರುವಷ್ಟರಲ್ಲಿ ನಾವು ನೆಟ್ಟ ಅಡಿಕೆ ಗೊನೆ ಬಿಟ್ಟಿರುತ್ತದೆ. ಮನೆಯ ಹವ್ಯಾಸವಾಗಿ, ಗಿಡದ ಬೇರು-ಚಿಗುರಿನ ನಡತೆ ಕಲಿಸುವ ಶಾಲೆಯಾಗಿ ಇದ್ದರೆ ಸಾಕು. ಬೇರು ಸವರಿ ಬದುಕಿಸಲು ಕಲಿತ ಕೈ ನಾಳೆ ತೋಟದಲ್ಲಿ ಸಸಿ ನೆಡುವಾಗ ಬೇರು ಮಡಚಿ ನೆಡುವುದಿಲ್ಲ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದು ನಮಗೆಲ್ಲ ತಿಳಿದದ್ದೇ. ಒಬ್ಬನಿಂದಾಗದ್ದನ್ನು ನಾಲ್ವರು ಕೂಡಿ ಮಾಡುವುದು ಈ ಮಣ್ಣಿಗೆ ಹೊಸದಲ್ಲ. ಆಸಕ್ತ ಸದಸ್ಯರು ತಮ್ಮ ಹೊಲದಲ್ಲಿ ಸವರಿದ ಆಲ-ಬಸರಿ ಕೊಂಬೆಗಳನ್ನು ಮಳೆಗಾಲದಲ್ಲಿ ಎಸೆಯದೆ ಅಕ್ಕಪಕ್ಕದವರೊಂದಿಗೆ ಹಂಚಿಕೊಳ್ಳಬೇಕು. ಹೆಚ್ಚಾದದ್ದನ್ನು ಕಚೇರಿಗೆ ತಿಳಿಸಿದರೆ ಬೇಕಾದವರಿಗೆ ಮುಟ್ಟಿಸುತ್ತೇವೆ. ಗುಡ್ಡದಿಂದ ಒಂದು ಗಿಡವೂ ಬಾರದಿರಲಿ, ನಮ್ಮ ಬದುವಿನ ಒಂದು ಗೂಟವೂ ವ್ಯರ್ಥವಾಗದಿರಲಿ.